ಜೇಬಿನ ಹಿಂದೆ ಮುಚ್ಚಿಟ್ಟ ಗಾಯ

ಇಸ್ತ್ರಿಪೆಟ್ಟಿಗೆ ಮಾವನ ಅಂಗಿಯ ಎಡಜೇಬಿನ ಮೇಲೆ ಬಂದಾಗ ಮತ್ತೆ ತಡೆಯಿತು. ಸೊಸೆ ನೀರು ಚಿಮುಕಿಸಿ ಇನ್ನೊಂದು ಸಲ ಒತ್ತಿದಳು. ಬೇರೆ ಕಡೆಯೆಲ್ಲ ಬಟ್ಟೆ ಕಾಗದದ ಹಾಗೆ ಮಲಗುತ್ತಿತ್ತು. ಜೇಬಿನ ಜಾಗ ಮಾತ್ರ ದಪ್ಪಗೆ ಎದ್ದು ನಿಲ್ಲುತ್ತಿತ್ತು.

"ಅತ್ತೇ, ಮಾವ ಜೇಬಿನ ಹಿಂದೆ ಏನೋ ಗಂಟು ಸೇರಿಸಿ ಹೊಲ್ಕೊಂಡಿದ್ದಾರೆ ನೋಡಿ."

ಅತ್ತೆ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ನನ್ನ ಕಣ್ಣು ತಪ್ಪಿಸಿ ಗಂಟು ಮಾಡೋ ಗಂಡಸಾ ಅವರು? ಹಾಗಿದ್ದಿದ್ರೆ ನಾನು ಇಲ್ಲಿ ಕೂತು ಗುಂಡಿ ಆರಿಸ್ತಿದ್ನಾ?"

ಸೊಸೆ ನಕ್ಕಳು. ಅಂಗಿಯನ್ನು ಒಳಮಗ್ಗುಲು ತಿರುಗಿಸಿದಳು. ನಗು ಅಲ್ಲೇ ನಿಂತಿತು. ಜೇಬಿನ ಹಿಂದೆ ಮೆತ್ತನೆಯ ಬಿಳಿ ಬಟ್ಟೆ, ಎರಡು ಪದರ. ಸುತ್ತ ಕಣ್ಣಿಗೆ ಕಾಣದಂಥ ಹೆಮ್ಮಿಂಗ್. ಅಷ್ಟು ಸಣ್ಣ ಹೊಲಿಗೆ ಆ ಬೀದಿಯಲ್ಲಿ ಮಾವನ ಕೈ ಬಿಟ್ಟರೆ ಬೇರೆ ಯಾರ ಕೈಗೂ ಬರುವುದಿಲ್ಲ. ಬಿಳಿ ಬಟ್ಟೆಯ ನಡುವೆ ಒಂದು ಹಳದಿ ಕಲೆ. ಎಷ್ಟು ಒಗೆದರೂ ಹೋಗಿಲ್ಲ. ಇನ್ನೊಂದು ಅಂಗಿ ತೆಗೆದು ನೋಡಿದಳು. ಅದರಲ್ಲೂ ಹಾಗೇ. ಒಗೆಯಲು ಹಾಕಿದ್ದ ಅಂಗಿಯಲ್ಲೂ ಹಾಗೇ, ಅದರಲ್ಲಿ ಕಲೆ ಇನ್ನೂ ಹಸಿಯಾಗಿತ್ತು.

ಮನೆಯ ಮುಂದಿನ ಕೋಣೆಯೇ ಮಾವನ ಹೊಲಿಗೆ ಅಂಗಡಿ. ಎರಡು ಮೆಷಿನ್, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳು ತಿರುಗಿ ತಿರುಗಿ ನೋಡಿಕೊಳ್ಳುವ ಒಂದು ಕನ್ನಡಿ. ಎಲ್ಲರೂ ಅವರನ್ನು ಮಾಸ್ಟರ್ ಅನ್ನುತ್ತಾರೆ. ಹಿಂದೆ ಮಾಸ್ಟರ್ ಹೊಲಿಯುತ್ತಿರುವಾಗಲೇ ತಲೆ ಸುತ್ತಿ ಮೆಷಿನ್ ಮೇಲೆ ಬೀಳುತ್ತಿದ್ದರು. ಹೃದಯ ತೀರಾ ನಿಧಾನವಾಗಿ ಬಡಿಯುತ್ತಿದೆ ಎಂದು ದೊಡ್ಡಾಸ್ಪತ್ರೆಯವರು ಎದೆಯ ಎಡಗಡೆ, ಚರ್ಮದ ಕೆಳಗೆ, ಪೇಸ್‌ಮೇಕರ್ ಇಟ್ಟರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಲೋಹದ ಡಬ್ಬಿ. ಅದರಿಂದ ಒಂದು ತಂತಿ ಹೃದಯದೊಳಗೆ ಹೋಗುತ್ತದೆ, ಬಡಿತ ತಪ್ಪದಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಅದನ್ನು ಡಬ್ಬಿ ಅಂತಲೇ ಕರೆಯುವುದು. ಈಚೆಗೆ ಅದರ ಬ್ಯಾಟರಿ ಮುಗಿಯುತ್ತ ಬಂದು, ಅದೇ ಜಾಗದಲ್ಲಿ ಹೊಸ ಡಬ್ಬಿ ಹಾಕಿ ಕಳಿಸಿದ್ದರು.

ಸೊಸೆ ಚಹಾ ತೆಗೆದುಕೊಂಡು ಅಂಗಡಿಗೆ ಹೋದಳು. "ಮಾವ, ನಿಮ್ಮ ಅಂಗಿಗಳಿಗೆ ಒಳಗೆ ಯಾಕೆ ಬಟ್ಟೆ ಕೊಟ್ಟಿದ್ದೀರಿ?"

"ಬೆವರು ಹೀರಲಿ ಅಂತಮ್ಮ."

"ಎಡಗಡೆ ಮಾತ್ರ ಬೆವರ್ತೀರಾ?"

ಮಾಸ್ಟರ್ ತಲೆ ಬಗ್ಗಿಸಿ ಮೆಷಿನ್ ತುಳಿಯತೊಡಗಿದರು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಅವರ ಹೆಂಡತಿ ಅದನ್ನು ನೋಡಿದರು. ಒಳಗೆ ಬಂದು ಅಂಗಡಿಯ ಬಾಗಿಲು ಹಾಕಿದರು. "ರೀ, ಅಂಗಿ ಬಿಚ್ಚಿ."

"ಸೊಸೆ ಮುಂದೆ ಏನೇ ಇದು?"

"ಅವಳು ಆ ಕಡೆ ತಿರುಗ್ತಾಳೆ. ನೀವು ಬಿಚ್ಚಿ."

ಸೊಸೆ ಗೋಡೆಗೆ ಮುಖ ಮಾಡಿ ನಿಂತಳು. ಅತ್ತೆ "ಅಯ್ಯೋ" ಅಂದದ್ದು ಕೇಳಿಸಿತು. ಡಬ್ಬಿಯ ಜಾಗ ಕೆಂಪಗೆ ಊದಿಕೊಂಡಿತ್ತು. ಚರ್ಮ ತೆಳ್ಳಗಾಗಿ ಮಿನುಗುತ್ತಿತ್ತು. ಹಳೆಯ ಹೊಲಿಗೆಯ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಅದರಿಂದ ಕೀವು.

"ಏನ್ರೀ ಮಾಡ್ಕೊಂಡ್ರಿ ಇದನ್ನ?"

ಮಾಸ್ಟರ್ ಅಂಗಿಯನ್ನು ಮಡಚುತ್ತ ಬಿಚ್ಚುತ್ತ ಮೆಲ್ಲಗೆ ಹೇಳಿದರು. "ಆಪರೇಷನ್ ಆದ ಮೇಲೆ ಹೊಲಿಗೆ ತುದೀಲಿ ಒಂದು ನೂಲು ಹೊರಗೆ ಬಂದಿತ್ತು ಕಣೇ. ಇಷ್ಟೇ ಇಷ್ಟು. ಕನ್ನಡಿ ಮುಂದೆ ನಿಂತಾಗೆಲ್ಲ ಕಣ್ಣಿಗೆ ಚುಚ್ಚೋದು. ಜನ್ಮಪೂರ್ತಿ ನೂಲಿನ ತುದಿ ಕಂಡ್ರೆ ಕತ್ತರಿಸಿದ ಕೈ. ತಡೀಲಿಲ್ಲ. ಎಳೆದು ಕತ್ತರಿಸಿಬಿಟ್ಟೆ."

"ಯಾವ ಕತ್ತರೀಲಿ?"

ಮಾಸ್ಟರ್ ಮೆಷಿನ್ ಪಕ್ಕದ ಮೊಳೆಗೆ ನೇತುಹಾಕಿದ್ದ ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನು ನೋಡಿದರು. ಊರವರ ಅಂಗಿ, ಚಡ್ಡಿ, ಪರದೆ ಎಲ್ಲದರ ನೂಲನ್ನೂ ಕತ್ತರಿಸಿದ ಕತ್ತರಿ ಅದು.

ಹೆಂಡತಿಗೆ ನೆನಪಾಯಿತು. ಒಂದು ದಿನ ಇವರು ಕನ್ನಡಿಯ ಮುಂದೆ ನಿಂತು, "ಎಷ್ಟು ದೊಡ್ಡ ಡಾಕ್ಟರಾದ್ರೇನು, ನೂಲು ಮುಗಿಸೋಕೆ ಬರಲ್ಲ ನೋಡು" ಎಂದು ನಕ್ಕಿದ್ದರು. ಜೊತೆಗೆ ತಾವೂ ನಕ್ಕಿದ್ದರು.

"ಆಮೇಲೆ ಕೆಂಪಾಯ್ತು," ಮಾಸ್ಟರ್ ಅಂದರು. "ಔಷಧಿ ಅಂಗಡೀಲಿ ಗುಳ್ಳೆ ಎದ್ದಿದೆ ಅಂತ ಹೇಳಿ ಮಾತ್ರೆ ತಂದೆ. ಹೋಯ್ತು. ಮಾತ್ರೆ ಮುಗಿದ ಮೇಲೆ ಮತ್ತೆ ಬಂತು. ಮತ್ತೆ ತಂದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಬೇರೆಯವರಿಗೆ ಹೊಲಿಯೋನು ತನ್ನ ಹೊಲಿಗೆ ತಾನೇ ಕೆಡಿಸಿಕೊಂಡ ಅಂತಲಾ? ಆಸ್ಪತ್ರೆಯವರು ಗಾಯಕ್ಕೆ ಕೈ ಹಾಕಬೇಡಿ ಅಂತ ಹೇಳೇ ಕಳಿಸಿದ್ರು. ಯಾವ ಮುಖ ಇಟ್ಕೊಂಡು ಹೋಗ್ಲಿ? ಇನ್ನು ಊರವರಿಗೆ ತಿಳಿದ್ರೆ, ಕೀವು ಸೋರೋನ ಕೈಗೆ ಮೈಮೇಲೆ ಹಾಕೋ ಬಟ್ಟೆ ಯಾರು ಕೊಡ್ತಾರೆ?"

ಸಿಟ್ಟಿನಲ್ಲಿದ್ದ ಹೆಂಡತಿ ಆ ಮಾತಿಗೆ ತಣ್ಣಗಾದರು. ಮೇಜಿನ ಮೇಲೆ ರಾಶಿ ಬಿದ್ದಿದ್ದ ಶಾಲೆಯ ಯೂನಿಫಾರಂ ಕಡೆ ನೋಡಿದರು. "ಅದೂ ನಿಜ. ಹೊರಗೆ ಯಾರಿಗೂ ಗೊತ್ತಾಗೋದು ಬೇಡ. ಇನ್ನೊಂದು ಸಲ ಮಾತ್ರೆ ತಂದು ನೋಡೋಣ."

"ಅತ್ತೇ!" ಸೊಸೆ ತಿರುಗಿಬಿಟ್ಟಳು.

"ನೀನು ಸುಮ್ನಿರು. ಮನೆ ಮಾತು ಮನೇಲಿರಲಿ."

ಮಾರನೆಯ ದಿನ ಬೀದಿಯ ಕೊನೆಯ ಆರೋಗ್ಯ ಕೇಂದ್ರದ ಸಿಸ್ಟರ್ ತಮ್ಮ ಬಿಳಿ ಕೋಟು ತೆಗೆದುಕೊಂಡು ಬಂದರು. ತೋಳು ಬಿಗಿಯಾಗಿದೆಯಂತೆ.

"ಮಾಸ್ಟ್ರೇ, ನಾನು ದಪ್ಪ ಆದ್ನಾ, ಇಲ್ಲ ನಿಮ್ಮ ಟೇಪೇ ಚಿಕ್ಕದಾಯ್ತಾ? ನಿಜ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ."

"ಕೋಟು ಒಗೆದು ಒಗೆದು ಚಿಕ್ಕದಾಗಿದೆ ಸಿಸ್ಟರ್. ತಪ್ಪೆಲ್ಲ ನೀರಿಂದು," ಎಂದು ಮಾಸ್ಟರ್ ನಗಲು ನೋಡಿದರು. ಟೇಪು ಹಿಡಿದು ಅಳತೆ ತೆಗೆಯಲು ಹೋದರೆ ಎಡಗೈ ಮೇಲೇಳಲಿಲ್ಲ. ಟೇಪು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಮೈ ನಡುಗಿತು. ಹೊರಗೆ ಸುಡುವ ಬಿಸಿಲು.

ಸಿಸ್ಟರ್ ಅವರ ಮಣಿಕಟ್ಟು ಹಿಡಿದು ನೋಡಿದರು. "ಮೈ ಕೆಂಡ ಆಗಿದೆಯಲ್ಲ!"

"ಸ್ವಲ್ಪ ನೆಗಡಿ ಅಷ್ಟೇ," ಒಳಗಿಂದ ಹೆಂಡತಿಯ ಧ್ವನಿ ಬಂತು. ಆ ಮನುಷ್ಯ ಒಂದು ಸಲವೂ ಸೀನಿರಲಿಲ್ಲ.

ಸೊಸೆ ಇಸ್ತ್ರಿ ಮಾಡಲು ಇಟ್ಟಿದ್ದ ಅಂಗಿಯನ್ನು ತಂದು, ಒಳಮಗ್ಗುಲು ತಿರುಗಿಸಿ, ಸಿಸ್ಟರ ಮುಂದೆ ಮೇಜಿನ ಮೇಲೆ ಹರಡಿದಳು. ಅತ್ತೆಯ ಕಣ್ಣು ಅವಳನ್ನು ಸುಟ್ಟುಬಿಡುವ ಹಾಗಿತ್ತು. ಮಾಸ್ಟರ್ ಮಾತ್ರ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತ ನಿಂತರು.

ಸಿಸ್ಟರ್ ಬಾಗಿಲ ಪರದೆ ಎಳೆದು ಗಾಯ ನೋಡಿದರು. ಮುಟ್ಟಲಿಲ್ಲ, ಒತ್ತಲಿಲ್ಲ. ಎಲ್ಲ ಕೇಳಿಸಿಕೊಂಡರು, ಕತ್ತರಿಯ ವಿಷಯವನ್ನೂ.

"ಒಂದು ಜೋರಾದ ಮಾತ್ರೆ ಕೊಟ್ಟುಬಿಡಿ ಸಿಸ್ಟರ್," ಮಾಸ್ಟರ್ ಬೇಡಿಕೊಂಡರು. "ಇಲ್ಲ, ಸೂಜಿ ಚುಚ್ಚಿ ಕೀವು ತೆಗೆದುಬಿಡಿ. ಸೂಜಿಗೆ ಹೆದರೋನಲ್ಲ ನಾನು."

"ನೀವು ಹೆದರಲ್ಲ, ನಾನು ಹೆದರ್ತೀನಿ. ಡಬ್ಬಿ ಇರೋ ಜಾಗಕ್ಕೆ ಯಾರೂ ಸೂಜಿ ಚುಚ್ಚಬಾರದು. ಚುಚ್ಚಿದ್ರೆ ಇನ್ನಷ್ಟು ರೋಗಾಣು ಒಳಗೆ ಹೋಗೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಇದು ಗುಳ್ಳೆ ಅಲ್ಲ ಮಾಸ್ಟ್ರೇ. ಡಬ್ಬಿಗೇ ಸೋಂಕು ತಗುಲಿದೆ ಅಂತ ಕಾಣುತ್ತೆ."

"ಲೋಹಕ್ಕೆ ಎಂಥ ಸೋಂಕು?" ಮಾಸ್ಟರ ಹೆಂಡತಿ ಕೇಳಿದರು. "ಅದೇನು ಕೊಳೆಯುತ್ತಾ, ಹುಳ ಹಿಡಿಯುತ್ತಾ? ಇವರು ದಿನಾ ಸ್ನಾನ ಮಾಡ್ತಾರೆ. ನಮ್ಮನೇಲಿ ಒಂದು ಕೊಳೆ ಅನ್ನೋದಿಲ್ಲ."

"ಕೊಳೆ ಮಾತಲ್ಲ ಅಮ್ಮಾ. ಬ್ಯಾಕ್ಟೀರಿಯಾ ನಿಮ್ಮ ಚರ್ಮದ ಮೇಲಿದೆ, ನನ್ನ ಚರ್ಮದ ಮೇಲೂ ಇದೆ. ಎಷ್ಟು ಸೋಪು ಹಚ್ಚಿದ್ರೂ ಪೂರ್ತಿ ಹೋಗಲ್ಲ. ಹೊರಗಿದ್ರೆ ತೊಂದರೆ ಇಲ್ಲ. ಡಬ್ಬಿ ತನಕ ದಾರಿ ಸಿಕ್ತು ಅನ್ನಿ, ಅದರ ಮೇಲೆ ಹೋಗಿ ಕೂತ್ಕೊಳ್ತವೆ. ಕೂತು ಮೇಲೊಂದು ಲೋಳೆ ಹೊದಿಕೆ ಎಳ್ಕೊಳ್ತವೆ, ನೀರಿನ ತೊಟ್ಟಿ ಗೋಡೆಗೆ ಲೋಳೆ ಹಿಡಿಯಲ್ವಾ, ಹಾಗೆ. ಮಾಂಸದಲ್ಲಾದ್ರೆ ರಕ್ತ ಹರಿಯುತ್ತೆ, ಔಷಧಿ ಹೋಗಿ ಮುಟ್ಟುತ್ತೆ. ಲೋಹದಲ್ಲಿ ರಕ್ತ ಹರಿಯುತ್ತಾ? ಮಾತ್ರೆಗೆ ಹೊರಗಿರೋವು ಸಾಯ್ತವೆ, ಹೊದಿಕೆ ಒಳಗಿರೋವು ಉಳ್ಕೊಳ್ತವೆ. ಮಾತ್ರೆ ಮುಗೀತು, ಅವು ಮತ್ತೆ ಎದ್ದವು."

ಮಾಸ್ಟರ್ ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದರು. ಆಮೇಲೆ ತಮಗೆ ತಾವೇ ಅನ್ನುವ ಹಾಗೆ ಹೇಳಿದರು: "ಕಾಲರಿನ ಬಕ್ರಂಗೆ ಬೂಷ್ಟು ಹಿಡಿದ ಹಾಗೆ."

"ಬಕ್ರಂ ಅಂದ್ರೆ?"

"ಕಾಲರ್ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಕೊಡೋ ಗಟ್ಟಿ ಬಟ್ಟೆ. ಅದಕ್ಕೆ ಬೂಷ್ಟು ಬಂದ್ರೆ ಮೇಲೆ ಎಷ್ಟು ತಿಕ್ಕಿ ಒಗೆದ್ರೂ ಆವತ್ತಿಗೆ ಹೋಗುತ್ತೆ, ಎರಡು ದಿನಕ್ಕೆ ಮತ್ತೆ ಕಲೆ. ಹೊಲಿಗೆ ಬಿಚ್ಚಿ ಬಕ್ರಂ ತೆಗೆದು ಬಿಸಾಕಬೇಕು." ಅಲ್ಲಿಗೆ ನಿಲ್ಲಿಸಿದರು. "ಅಂದ್ರೆ... ಡಬ್ಬಿ ತೆಗೀಬೇಕು."

ಸಿಸ್ಟರ್ ತಲೆಯಾಡಿಸಿದರು.

ಹೆಂಡತಿಯ ಮುಖ ಬಿಳಚಿಕೊಂಡಿತು. "ತೆಗೆದ್ರೆ ಎದೆ ನಿಂತು ಹೋಗಲ್ವಾ?"

"ಹೊಸದು ಹಾಕೋ ತನಕ ಬೇರೆ ತಂತಿ ಹಾಕಿ, ಹೊರಗಿಂದ ಒಂದು ಯಂತ್ರ ಜೋಡಿಸಿ ಬಡಿತ ನೋಡ್ಕೊಳ್ತಾರೆ. ಸೋಂಕು ಪೂರ್ತಿ ಹೋದ ಮೇಲೆ ಇನ್ನೊಂದು ಮಗ್ಗುಲಿಗೆ ಹೊಸದು ಹಾಕ್ತಾರೆ. ತೆಗೆಯೋದಕ್ಕಲ್ಲ ಅಮ್ಮಾ, ಒಳಗೇ ಬಿಡೋದಕ್ಕೆ ಹೆದರಬೇಕು. ಆ ತಂತಿ ಹೃದಯದೊಳಗೇ ಹೋಗಿದೆ. ರೋಗಾಣುಗಳಿಗೆ ಅದೇ ರಸ್ತೆ. ಈ ಚಳಿ ಜ್ವರ ನೋಡಿದ್ರೆ ಹೊರಟುಬಿಟ್ಟಿವೆಯೇನೋ. ಹೃದಯ ಸೇರಿದ್ರೆ ಜೀವಕ್ಕೇ ಅಪಾಯ. ಇವತ್ತೇ ಹೋಗಬೇಕು."

"ಇವತ್ತೇ? ಯೂನಿಫಾರಂ ಕೊಡೋದು..." ಎಂದು ಬಾಯಿಗೆ ಬಂದ ಮಾತನ್ನು ಹೆಂಡತಿ ಅರ್ಧಕ್ಕೇ ನುಂಗಿಕೊಂಡರು. ಗಂಡನ ಪ್ರಾಣ, ಚಡ್ಡಿಯ ರಾಶಿ ಎರಡನ್ನೂ ಒಂದೇ ಉಸಿರಲ್ಲಿ ಅಂದುಬಿಟ್ಟಿದ್ದಕ್ಕೆ ಅವರಿಗೆ ತಲೆ ಎತ್ತಲಾಗಲಿಲ್ಲ.

"ಡಾಕ್ಟರು ಹೇಗಾಯ್ತು ಅಂತ ಕೇಳಿದ್ರೆ ಏನು ಹೇಳ್ಲಿ ಸಿಸ್ಟರ್?" ಮಾಸ್ಟರ್ ಕೇಳಿದರು.

"ಆದದ್ದನ್ನ ಹೇಳಿ. ಕತ್ತರಿ ವಿಷಯಾನೂ, ಮಾತ್ರೆ ವಿಷಯಾನೂ. ತಗೊಂಡ ಮಾತ್ರೆಯ ಖಾಲಿ ಸ್ಟ್ರಿಪ್ ಇದ್ರೆ ಕೈಲಿ ಹಿಡ್ಕೊಂಡು ಹೋಗಿ. ರಕ್ತ ಪರೀಕ್ಷೆಗೆ ಮುಂಚೆ ಇನ್ನು ಒಂದು ಮಾತ್ರೆಯನ್ನೂ ನೀವಾಗೇ ನುಂಗಬೇಡಿ. ನುಂಗಿದ್ರೆ ಯಾವ ರೋಗಾಣು ಅಂತ ಕಂಡುಹಿಡಿಯೋದೇ ಕಷ್ಟ ಆಗುತ್ತೆ."

ಬಸ್ ಓಡಿಸುವ ಮಗ ಕೆಲಸ ಬಿಟ್ಟು ಓಡಿಬಂದ. ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರ ಮುಂದೆ ಮಾಸ್ಟರ್ ಎಲ್ಲವನ್ನೂ ಹೇಳಿದರು, ಕಣ್ಣು ಮಾತ್ರ ಡಾಕ್ಟರ ಕೋಟಿನ ಕೆಳಗಿನ ಗುಂಡಿಯ ಮೇಲೆಯೇ ಇತ್ತು. ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ.

"ಕತ್ತರಿ ಹಾಕಬಾರದಿತ್ತು," ಡಾಕ್ಟರ್ ಅಂದರು. "ಆದ್ರೆ ಅದರಿಂದಲೇ ಬಂತು ಅಂತ ನಾನು ಖಡಾಖಂಡಿತವಾಗಿ ಹೇಳಲಾರೆ. ನಾವು ಎಷ್ಟು ಎಚ್ಚರ ವಹಿಸಿದ್ರೂ ಕೆಲವರಿಗೆ ಬರುತ್ತೆ. ಡಬ್ಬಿ ಬದಲಾಯಿಸಿದಾಗ ಸಂಭವ ಸ್ವಲ್ಪ ಜಾಸ್ತಿ. ನನಗೆ ಬೇಸರ ಆಗಿದ್ದು ಬೇರೆ. ಕೆಂಪಾದ ಕೂಡಲೇ ಬಂದಿದ್ರೆ ಬಹುಶಃ ಚರ್ಮದಲ್ಲೇ ಮುಗಿದುಹೋಗ್ತಿತ್ತು. ಯಾಕೆ ಬರಲಿಲ್ಲ?"

"ನಾಚಿಕೆ ಆಯ್ತು ಸಾರ್."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮಾಸ್ಟರಿಗೆ ಅನ್ನಿಸಿತು.

ರಕ್ತದಲ್ಲಿ ರೋಗಾಣು ಸಿಕ್ಕಿತು. ಡಬ್ಬಿ, ತಂತಿ ಎರಡನ್ನೂ ತೆಗೆದರು. ಯಾವಾಗಲೂ ಟೇಪು ಇರುತ್ತಿದ್ದ ಕುತ್ತಿಗೆಯಲ್ಲಿ ಈಗ ಯಂತ್ರದ ತಂತಿ. ರಕ್ತನಾಳಕ್ಕೆ ಔಷಧಿ, ವಾರಗಟ್ಟಲೆ.

ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಹೆಂಡತಿ, "ಮಾಸ್ಟರ್ ನೆಂಟರ ಮದುವೆಗೆ ಹೋಗಿದ್ದಾರೆ" ಅನ್ನುತ್ತಿದ್ದರು. ಮೊದಲ ವಾರ ಎಲ್ಲರೂ ನಂಬಿದರು. ಆಮೇಲೆ ಎದುರಿನ ಬೇಕರಿಯಾಕೆ ಬಾಗಿಲಲ್ಲೇ ನಿಂತು, "ಏನಕ್ಕಾ, ಮದುವೆ ಮುಗಿದು ನಾಮಕರಣಾನೂ ಮುಗಿಸ್ಕೊಂಡೇ ಬರ್ತಾರಾ?" ಎಂದಳು. ಸೊಸೆ ಹಿಂದಿನ ಮೆಷಿನ್‌ನಲ್ಲಿ ಯೂನಿಫಾರಂ ಹೊಲಿಯುತ್ತಿದ್ದವಳು ತಲೆ ತಗ್ಗಿಸಿದಳು.

ಒಂದು ದಿನ ಅವಳು ಮಾವನನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವರು ಕಿಟಕಿ ಕಡೆ ಮುಖ ಮಾಡಿ ಮಲಗಿದ್ದರು.

"ನೋವಾ ಮಾವ?"

"ನೋವಲ್ಲಮ್ಮ. ಗುಂಡಿಯಣ್ಣನ ಯೋಚನೆ."

ಗುಂಡಿಯಣ್ಣ ಅಂದರೆ ಮಾಸ್ಟರ ಹಳೆಯ ಗೆಳೆಯ. ವಯಸ್ಸಿದ್ದಾಗ ಇಬ್ಬರೂ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದವರು. ಇವರು ಹೊಲಿದರೆ ಅವರು ಗುಂಡಿ ಹಾಕುವುದು. ಈಗ ದೂರದ ಊರಲ್ಲಿದ್ದಾರೆ. ಕಿವಿ ಪೂರ್ತಿ ಮಂದವಾಗಿ ಫೋನು ಅವರ ಉಪಯೋಗಕ್ಕೆ ಬರುವುದಿಲ್ಲ. ಏನಿದ್ದರೂ ಕಾಗದದಲ್ಲೇ ಮಾತು.

"ಅವನ ಎದೇಲೂ ಡಬ್ಬಿ ಇದೆ," ಮಾಸ್ಟರ್ ಹೇಳಿದರು. "ಬ್ಯಾಟರಿ ಮುಗೀತಾ ಬಂದಿದೆ, ಬದಲಾಯಿಸಬೇಕು ಅಂದಿದ್ದಾರಂತೆ. ನಿನ್ನದು ಹೇಗಾಯ್ತು ಬರಿ, ನಿನ್ನ ಕಾಗದ ನೋಡಿಕೊಂಡೇ ನಾನು ಹೋಗೋದು ಅಂತ ಬರೆದಿದ್ದ. ನಾನು ಉತ್ತರಾನೇ ಹಾಕಿಲ್ಲ. ಚೆನ್ನಾಗಾಯ್ತು ಅಂದ್ರೆ ಸುಳ್ಳು. ನಿಜ ಬರೆದ್ರೆ ಅವನು ನಗ್ತಾನೆ. ಇಡೀ ಆಯುಷ್ಯ ಅವನ ಗುಂಡಿಯ ನೂಲು ಸರಿ ಇಲ್ಲ ಅಂತ ಹಂಗಿಸಿದೋನು ನಾನು."

ಸೊಸೆ ಮಂಚದ ಹತ್ತಿರ ಸರಿದಳು. "ಮಾವ, ಅವರು ನಿಮ್ಮ ಕಾಗದಕ್ಕೆ ಕಾಯ್ತಾ ಡಬ್ಬಿ ಬದಲಾಯಿಸದೇ ಕೂತಿದ್ರೆ?"

ಮಾಸ್ಟರ್ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ನಕ್ಕರೆ ನಗಲಿ ಬಿಡಿ. ನಿಮ್ಮ ಮರ್ಯಾದೆ ಸರಿಹೋಗಲಿ ಅಂತ ಅವರ ಬ್ಯಾಟರಿ ಕಾಯಲ್ಲ."

ಮಾಸ್ಟರ್ ಕಣ್ಣು ಒರೆಸಿಕೊಂಡು ಕೈ ಚಾಚಿದರು. ಅವಳು ನರ್ಸಮ್ಮನ ಹತ್ತಿರ ಹಾಳೆ, ಪೆನ್ನು ಕೇಳಿ ತಂದಳು. ಮಾಸ್ಟರ್ ಒಂದು ಹಾಳೆ ಬರೆದು ಹರಿದರು. ಇನ್ನೊಂದನ್ನೂ ಹರಿದರು. ಮೂರನೆಯದರಲ್ಲಿ ಬರೆದರು:

"ಗುಂಡಿಯಣ್ಣಾ, ತಡ ಮಾಡಿದ್ದು ನನ್ನ ತಪ್ಪು. ನೀನು ಇನ್ನೂ ಹೋಗಿಲ್ಲದಿದ್ದರೆ ಈ ಕಾಗದ ಓದಿದ ಕೂಡಲೇ ಹೊರಡು. ಆಪರೇಷನ್‌ಗೆ ಹೆದರಬೇಡ, ಅದು ಬೇಕೇ ಬೇಕು. ಮೈಯಲ್ಲಿ ಎಲ್ಲಾದರೂ ಗಾಯ, ಹಲ್ಲುನೋವು, ಜ್ವರ ಇದ್ದರೆ ಮೊದಲೇ ಅವರಿಗೆ ಹೇಳು. ಆಮೇಲೆ ಅವರು ಹೇಳುವ ತನಕ ಗಾಯ ನೆನೆಸಬೇಡ, ಏನೂ ಹಚ್ಚಬೇಡ, ತುರಿಸಬೇಡ. ನೂಲು ಕಂಡರೆ ನಿನ್ನ ಕೈಯನ್ನು ನೀನೇ ಕಟ್ಟಿಹಾಕಿಕೋ. ನಾನು ಅಂಗಡಿಯ ಕತ್ತರಿಯಲ್ಲಿ ಎಳೆದೆ. ಕೀವಾಯಿತು. ಅಂಗಿಗೆ ಒಳಬಟ್ಟೆ ಹೊಲಿದು ಎಲ್ಲರಿಂದ ಮುಚ್ಚಿಟ್ಟೆ. ಈಗ ಡಬ್ಬಿಯನ್ನೇ ತೆಗೆದು ಮಲಗಿಸಿದ್ದಾರೆ. ನಗುವಷ್ಟು ನಗು. ಆದರೆ ನಿನ್ನದು ಸ್ವಲ್ಪ ಕೆಂಪಾದರೂ ಆವತ್ತೇ ಆಸ್ಪತ್ರೆಗೆ ಹೋಗು."

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಎದೆಯಲ್ಲಿ ಇಂಥ ಡಬ್ಬಿ ಇಟ್ಟುಕೊಂಡವರು ಇರಬಹುದು. ಅಪ್ಪನೋ, ಅಕ್ಕನೋ, ಪಕ್ಕದ ಮನೆಯವರೋ. ಅವರನ್ನು ಇವತ್ತು ಒಂದು ಮಾತು ಕೇಳಿ: "ಆ ಜಾಗ ಹೇಗಿದೆ?" ಕೆಂಪಾಗಿದ್ದರೆ, ಬಿಸಿಯಾಗಿದ್ದರೆ, ಊದಿದ್ದರೆ, ಸೋರುತ್ತಿದ್ದರೆ, ಚರ್ಮ ತೆಳುವಾಗಿ ಒಳಗಿನ ಡಬ್ಬಿ ಕಾಣುವ ಹಾಗಿದ್ದರೆ, ಕಾರಣವಿಲ್ಲದೆ ಚಳಿ ಜ್ವರ ಬಂದು ಹೋಗಿ ಮಾಡುತ್ತಿದ್ದರೆ ತಡ ಮಾಡಬೇಡಿ. ಆಪರೇಷನ್ ಆಗಿ ತಿಂಗಳಾಗಿರಲಿ, ವರ್ಷವೇ ಆಗಿರಲಿ, ಡಬ್ಬಿ ಹಾಕಿದ ಆಸ್ಪತ್ರೆಗೇ ಹೋಗಿ. ಒತ್ತಬೇಡಿ, ಚುಚ್ಚಬೇಡಿ, ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ, ಎದೆಯಲ್ಲಿ ಡಬ್ಬಿ ಇದೆ ಎಂದು ಮೊದಲೇ ಹೇಳಿ. ಸೋಂಕು ಬಂದರೆ ಅದು ಯಾರ ಮನೆಯ ಕೊಳೆಯೂ ಅಲ್ಲ. ತಪ್ಪು ಮಾಡಿದ್ದರೂ ಹೇಳಿ. ನಾಚಿಕೆಪಟ್ಟುಕೊಂಡೇ ಹೇಳಿ, ಪರವಾಗಿಲ್ಲ. ಮಾಸ್ಟರ್ ಉಳಿದುಕೊಂಡರು, ಈಗ ಬಲಗಡೆಯ ಹೊಸ ಡಬ್ಬಿಯೊಂದಿಗೆ ಮತ್ತೆ ಹೊಲಿಯುತ್ತಾರೆ. ಆದರೆ ಇನ್ನೊಂದು ಅಂಗಿಗೆ ಒಳಬಟ್ಟೆ ಹೊಲಿಯುವಷ್ಟು ತಡವಾಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರೂ ಹೇಳಲಾರರು.

ಕಾಗದ ಬರೆದ ಆ ಸಂಜೆ ಹೆಂಡತಿ ಆಸ್ಪತ್ರೆಗೆ ಬಂದರು. ಬಂದವರೇ ಮಂಚದ ತುದಿಯಲ್ಲಿ ಕೂತು, "ಬೇಕರಿಯವಳಿಗೆ ನಿಜ ಹೇಳಿಬಿಟ್ಟೆ ರೀ," ಅಂದರು.

"ಏನಂದಳು?"

"ಮದುವೆ ಕಥೆಗಿಂತ ಇದು ನಂಬೋ ಹಾಗಿದೆ ಅಂದಳು. ಆಮೇಲೆ ಅವಳ ಗಂಡನ ಅಂಗಿ ಅಳತೆ ಕೊಟ್ಟು ಹೋದಳು, ನೀವು ಬಂದ ಮೇಲೆ ಹೊಲಿಯೋಕೆ."

ಸೊಸೆ ಕಾಗದವನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ತುಟಿಯಾಡಿಸುತ್ತ ಪೂರ್ತಿ ಓದಿದರು. ಪೆನ್ನು ಕೇಳಿ ಕೆಳಗೆ ಒಂದು ಸಾಲು ಸೇರಿಸಿದರು: "ಇವರು ನಮ್ಮಿಂದ ಮುಚ್ಚಿಟ್ಟರು, ನಾನು ಊರಿಂದ ಮುಚ್ಚಿಟ್ಟೆ. ನಿಮ್ಮ ಮನೆಯಲ್ಲಿ ಹಾಗೆ ಮಾಡಬೇಡಿ."

ಲಕೋಟೆ ಅಂಟಿಸಿ ಅವರೇ ಕೆಳಗೆ ಇಳಿದು ಹೋದರು. ಆಸ್ಪತ್ರೆಯ ಗೇಟಿನ ಪಕ್ಕ ಅಂಚೆಯವನು ಪೆಟ್ಟಿಗೆ ತೆರೆದು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಸ್ವಲ್ಪ ನಿಲ್ಲಪ್ಪಾ," ಎಂದು ಓಡಿ, ಲಕೋಟೆಯನ್ನು ಅವನ ಚೀಲದೊಳಗೇ ಹಾಕಿದರು.